ಪದವಿ ಮುಗಿಯಿತು, ಥ್ಯಾಂಕ್ಸ್ ಹೇಳುವುದಿದೆ

ಫಲಿತಾಂಶ ಬಂದಿದೆ. ಪಾಸಾಗಿದ್ದೇನೆ. ವಾಣಿಜ್ಯ ಮತ್ತು ಲಾಜಿಸ್ಟಿಕ್ಸ್ ನಿರ್ವಹಣೆ ಎರಡೂ ಸೇರಿದ ಸ್ನಾತಕೋತ್ತರ ಪದವಿ ಕೊನೆಗೂ ಕೈಗೆ ಬಂತು. ಅವತ್ತಿನಿಂದ ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ನೆಟ್ಟಗೆ ಉತ್ತರ ಕೊಡಲು ಆಗಿಲ್ಲ. ಒಬ್ಬೊಬ್ಬರಿಗೂ ಎರಡು ಸಾಲು ಕಳಿಸಿ ಮುಗಿಸುವ ವಿಷಯವೂ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಓದು ಯಾಕೆ ಇಷ್ಟು ಸುಸ್ತು ಮಾಡಿತು ಅಂತ ಕೆಲವರು ಕೇಳಿದ್ದೀರಿ. ವಿಷಯಗಳು ಜಾಸ್ತಿ ಇದ್ದವು, ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ಎರಡು ವಿಭಾಗಗಳೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತವೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಗೋದಾಮಿನಲ್ಲಿರುವ ದಾಸ್ತಾನನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಲೆಕ್ಕಪತ್ರದ ತರಗತಿಯಲ್ಲಿ ಅದು ಆಸ್ತಿ. ಐಎಎಸ್ 2 ಅನ್ನುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ತಗುಲಿದ ವೆಚ್ಚ ಎಷ್ಟು, ಮಾರಿದರೆ ಕೈಗೆ ಬರುವ ನಿವ್ವಳ ಮೌಲ್ಯ ಎಷ್ಟು ಅಂತ ನೋಡಿ, ಯಾವುದು ಕಡಿಮೆಯೋ ಅದನ್ನು ಬರೆಯಬೇಕು. ಮಧ್ಯಾಹ್ನ ಲಾಜಿಸ್ಟಿಕ್ಸ್ ತರಗತಿಗೆ ಹೋದರೆ ಅದೇ ದಾಸ್ತಾನು ಹೊರೆ. ಎಷ್ಟು ಆರ್ಡರ್ ಮಾಡಬೇಕು ಅನ್ನುವುದಕ್ಕೆ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರವನ್ನು ಇವತ್ತು ಬಳಸುವಾಗ ಗೋದಾಮಿನ ಬಾಡಿಗೆ, ವಿಮೆ, ಹಾಳಾಗುವ ಸರಕು ಎಲ್ಲವನ್ನೂ ಸೇರಿಸುತ್ತೇವೆ. ಅದರಲ್ಲಿ ಸಿಕ್ಕಿಕೊಂಡ ಹಣ ಬೇರೆ ಕಡೆ ದುಡಿಯಬಹುದಿತ್ತಲ್ಲ, ಆ ನಷ್ಟವನ್ನೂ ಸೇರಿಸುತ್ತೇವೆ. ಸ್ವಂತ ಬಂಡವಾಳ ಹೀಗೆ ಸುಮ್ನೆ ಕೂತಿದ್ದಕ್ಕೆ ಆಗುವ ಆ ನಷ್ಟ ಕಂಪನಿಯ ಲಾಭ-ನಷ್ಟದ ಖಾತೆಯಲ್ಲಿ ಎಲ್ಲೂ ಕಾಣುವುದಿಲ್ಲ. ಎರಡೂ ಸರಿಯೇ. ಎರಡನ್ನೂ ಒಟ್ಟಿಗೆ ಹೇಗೆ ಯೋಚಿಸುವುದು ಅನ್ನುವುದೇ ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಎರಡೂ ವಿಭಾಗದ ಗೈಡ್‌ಗಳಿಗೆ, ಪರೀಕ್ಷೆಗಳು ಒಂದರ ಮೇಲೊಂದು ಬಿದ್ದಾಗ ವೇಳಾಪಟ್ಟಿ ಸರಿಮಾಡಿಕೊಟ್ಟ ಕಚೇರಿಯವರಿಗೆ, ಲೈಬ್ರರಿಯ ಸಿಬ್ಬಂದಿಗೆ, ನಾನು ಊರಿಗೆ ಹೋದಾಗಲೆಲ್ಲ ನೋಟ್ಸ್ ಕಳಿಸಿದ ಗೆಳೆಯರಿಗೆ, ಅಮ್ಮನ ಹಾಸಿಗೆಯ ಪಕ್ಕದಿಂದ ಏಳದ ನನ್ನ ತಮ್ಮನಿಗೆ ಮನಸಾರೆ ಥ್ಯಾಂಕ್ಸ್. ಮೊದಲ ಸೆಮಿಸ್ಟರ್‌ನಲ್ಲಿ ಸಾಗಣೆಯ ಪಾಠ ಮಾಡಿದ ಮೇಷ್ಟ್ರಿಗೂ ಒಂದು ಮಾತು. 1956ರಲ್ಲಿ ಅಮೆರಿಕದ ಸಾಗಣೆ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಕಂಟೇನರ್ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟ ಕಥೆ ನೀವು ಹೇಳಿದ ದಿನವೇ ನನಗೆ ಈ ವಿಷಯ ಹಿಡಿಸಿದ್ದು, ಸರ್.

ಇನ್ನು ಅಕ್ಕ.

ನಮ್ಮ ಬ್ಯಾಚಿನವರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಸರಕು ಫಾರ್ವರ್ಡಿಂಗ್, ಅಂದರೆ ಬೇರೆಯವರ ಸರಕು ಸಾಗಿಸಲು ಏರ್ಪಾಟು ಮಾಡಿಕೊಡುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಓದಲು ಬಂದವರು. ನಾವು ಪುಸ್ತಕದಲ್ಲಿ ನೋಡುವ ಬಿಲ್ ಆಫ್ ಲೇಡಿಂಗ್ ಅವರಿಗೆ ದಿನದ ಕೆಲಸವಾಗಿತ್ತು. ಅದು ಸರಕಿಗೆ ರಸೀದಿ, ಸಾಗಣೆ ಒಪ್ಪಂದಕ್ಕೆ ಸಾಕ್ಷಿ, ಸರಕಿನ ಹಕ್ಕುಪತ್ರ ಅಂತ ನಾವು ಬಾಯಿಪಾಠ ಮಾಡುತ್ತಿದ್ದೆವು. ಮೂಲ ಪ್ರತಿ ಬ್ಯಾಂಕಿನಿಂದ ಬರುವುದು ತಡವಾದರೆ ಸರಕು ಬಂದರಿನಲ್ಲೇ ನಿಂತು, ದಿನಕ್ಕಿಷ್ಟು ಅಂತ ಶುಲ್ಕ ಹೇಗೆ ಏರುತ್ತದೆ ಅಂತ ಅವರು ಹೇಳುತ್ತಿದ್ದರು. ಗಟ್ಟಿಯಾಗಿ ಮಾತಾಡುವವರಲ್ಲ. ಕೇಳಿದರೆ ಮಾತ್ರ ಹೇಳುವವರು.

ಅಮ್ಮನಿಗೆ ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು. ಮತ್ತೆ ಬರೆಯುವುದಿಲ್ಲ. ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿಯೇ ಆ ಫೋನ್ ಬಂತು. ಊರಿಗೆ ಹೊರಡಬೇಕೆಂದರೆ ಬೆಳಗಾಗುವವರೆಗೂ ಯಾವ ದಾರಿಯೂ ಇರಲಿಲ್ಲ. ಸುದ್ದಿ ತಿಳಿದು ಅಕ್ಕ ನನ್ನ ರೂಮಿಗೆ ಬಂದರು. ಬಂದವರು ಹೋಗಲಿಲ್ಲ.

ಅವತ್ತು ನಾನು ಆಡಿದ ಮಾತು ಈಗಲೂ ಎದೆಯಲ್ಲಿದೆ. "ಅಮ್ಮ ಉಳಿಯದಿದ್ದರೆ ಈ ಡಿಗ್ರಿ ಯಾರಿಗೆ ತೋರಿಸಲಿ ಅಕ್ಕ?" ಅಂತ ಅತ್ತೆ. ಏನೂ ಆಗಲ್ಲ ಅಂತ ಅವರು ಹೇಳಲಿಲ್ಲ. ಧೈರ್ಯವಾಗಿರು ಅಂತಲೂ ಅನ್ನಲಿಲ್ಲ. "ಗೊತ್ತಿಲ್ಲಮ್ಮ" ಅಂದರು. ಪಕ್ಕದಲ್ಲೇ ಕೂತರು. ಆ ಹೊತ್ತಿಗೆ ಯಾರಾದರೂ ಸಮಾಧಾನದ ಮಾತಾಡಿದ್ದರೆ ನಾನು ಅವರ ಮೇಲೆ ರೇಗುತ್ತಿದ್ದೆ. ತಮ್ಮನ ಮೆಸೇಜ್ ಬಂದಾಗಲೆಲ್ಲ ಫೋನ್ ಅವರೇ ಎತ್ತಿಕೊಂಡು ಮೊದಲು ಓದಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು. ಅದು ಎಷ್ಟು ದೊಡ್ಡ ಉಪಕಾರ ಅಂತ ಅಂಥ ರಾತ್ರಿ ಕಳೆದವರಿಗೆ ಮಾತ್ರ ಗೊತ್ತಾಗುತ್ತದೆ.

ನಡುರಾತ್ರಿ ದಾಟಿದ ಮೇಲೆ ಅವರು ನನ್ನ ಲ್ಯಾಪ್‌ಟಾಪ್ ತೆರೆದರು. "ಬೆಳಗಿನವರೆಗೂ ಹೊರಡೋಕೆ ಆಗಲ್ಲ ಅಲ್ವಾ? ಕೊನೆಯ ಅಧ್ಯಾಯ ಬಾಕಿ ಇದೆ. ನೀನು ಹೇಳು, ನಾನು ಟೈಪ್ ಮಾಡ್ತೀನಿ" ಅಂದರು. ನನ್ನಿಂದ ಆಗಲ್ಲ ಅಂದೆ. ಅವರು ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಸುಮ್ಮನೆ ಒಂದು ಲೆಕ್ಕ ಕೇಳಿದರು.

"ದಿನಕ್ಕೆ 100 ಪೆಟ್ಟಿಗೆ ಮಾರಾಟ. ಬರೋಕೆ 30 ದಿನ. ಈಗ ದಾರಿಯಲ್ಲಿ ಎಷ್ಟಿದೆ?"

"3,000" ಅಂದೆ. ದಿನದ ಮಾರಾಟವನ್ನು ದಾರಿಯ ದಿನಗಳಿಂದ ಗುಣಿಸುವುದು, ಅಷ್ಟೇ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಅದು, ನಿದ್ದೆಯಲ್ಲೂ ಬರುತ್ತದೆ.

"ಆ 3,000 ಯಾರದ್ದು?"

ಈ ಪ್ರಶ್ನೆಯಿಂದ ಬೆಳಗಿನವರೆಗೂ ಮಾತು ನಡೆಯಿತು. ಸರಕು ಹಾಳಾದರೆ, ಕಳೆದುಹೋದರೆ ಆ ಅಪಾಯ ಯಾವಾಗ ಮಾರಿದವನಿಂದ ಕೊಂಡವನಿಗೆ ದಾಟುತ್ತದೆ ಅಂತ ಹೇಳಲು ಮಾರಾಟದ ಒಪ್ಪಂದದಲ್ಲಿ ಮೂರಕ್ಷರದ ಷರತ್ತುಗಳನ್ನು ಬರೆಯುತ್ತಾರೆ. ಎಫ್‌ಒಬಿ ಆದರೆ ಸರಕು ಹಡಗಿನ ಮೇಲೆ ಬಂದ ಗಳಿಗೆಯಿಂದ ಅಪಾಯ ಕೊಂಡವನದು ಅಂತ ನಾನು ಹೇಳಿದೆ. ಸಿಐಎಫ್‌ನಲ್ಲಿ ಹಡಗಿನ ಬಾಡಿಗೆ, ವಿಮೆ ಎರಡನ್ನೂ ತಲುಪುವ ಬಂದರಿನವರೆಗೆ ಮಾರಿದವನೇ ಕಟ್ಟುತ್ತಾನೆ, ಆದರೂ ಅಪಾಯ ದಾಟುವುದು ಹೊರಡುವ ಬಂದರಿನಲ್ಲೇ ಅಂತಲೂ ಹೇಳಿದೆ. ಅವರು ತಮ್ಮ ಅನುಭವ ಸೇರಿಸಿದರು. ಕಂಟೇನರ್ ಹಡಗು ಹತ್ತುವುದಕ್ಕೆ ಎಷ್ಟೋ ಮೊದಲೇ ಟರ್ಮಿನಲ್‌ನವರ ಕೈ ಸೇರಿರುತ್ತದೆ. ಅದಕ್ಕೇ ಅಂಥ ಸರಕಿಗೆ ಎಫ್‌ಸಿಎ ಹೊಂದುತ್ತದೆ, ಸಾಗಿಸುವವನ ವಶಕ್ಕೆ ಕೊಟ್ಟ ಕೂಡಲೇ ಅಪಾಯ ದಾಟುತ್ತದೆ ಅಂದರು. ಹಾಗಾದರೆ ಹಡಗಿಗಾಗಿ ಕಾದ 5 ದಿನದ 500 ಪೆಟ್ಟಿಗೆಯೂ ಕೊಂಡವನ ತಲೆಯ ಮೇಲೆ ಬಂತು! ಲೆಕ್ಕಪತ್ರದವರು ನೋಡುವುದು ಸರಕಿನ ಹತೋಟಿ ಯಾವಾಗ ಕೈಬದಲಾಯಿತು ಅಂತ. ಅಪಾಯ ದಾಟಿದ್ದು ಅದಕ್ಕೆ ಒಂದು ಗುರುತು. ಅಂದರೆ ವರ್ಷದ ಕೊನೆಯ ದಿನ ಸಮುದ್ರದ ಮೇಲಿರುವ ಸರಕು ಯಾರ ಬ್ಯಾಲೆನ್ಸ್ ಶೀಟಿಗೆ ಹೋಗುತ್ತದೆ ಅನ್ನುವುದನ್ನು ಒಪ್ಪಂದದ ಮೂರು ಅಕ್ಷರಗಳು ಅಲುಗಾಡಿಸುತ್ತವೆ.

ಆಮೇಲೆ 2021ರ ಮಾರ್ಚ್ ನೆನಪಾಯಿತು. ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತ್ತು. ಕೆಲವು ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋದವು. ನಮ್ಮ ಲೆಕ್ಕದಲ್ಲಿ ದಾರಿ 10 ದಿನ ಉದ್ದವಾದರೆ ದಾರಿಯಲ್ಲಿರುವ ಸರಕು 4,000 ಆಗುತ್ತದೆ. ಹೆಚ್ಚಾದ ಆ 1,000 ಪೆಟ್ಟಿಗೆಗೆ ಹಣ ಯಾರಾದರೂ ಹಾಕಲೇಬೇಕು. ಕೊಟ್ಟ ಹಣ ಮಾರಾಟವಾಗಿ ವಾಪಸು ಬರುವ ಅವಧಿ ಅಷ್ಟೂ ಹಿಗ್ಗುತ್ತದೆ. ಹಡಗಿನ ದಾರಿ ಮತ್ತು ಕಂಪನಿಯ ನಗದು ಒಂದೇ ಲೆಕ್ಕದಲ್ಲಿ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆ ರಾತ್ರಿ, ನನ್ನದೇ ಬಾಯಿಂದ ಬಂದ ಮಾತಿನಲ್ಲಿ. ಅಕ್ಕ ನನಗೆ ಉತ್ತರ ಹೇಳಿಕೊಡಲಿಲ್ಲ. ಒಂದಾದ ಮೇಲೊಂದು ಕೇಳಿದರು, ನಾನು ಹೇಳಿದ್ದನ್ನು ಟೈಪ್ ಮಾಡಿದರು. ನಡುವೆ ಅಳು ಬಂದಾಗ ಕೈ ನಿಲ್ಲಿಸಿ ಕಾದರು.

ಬೆಳಿಗ್ಗೆ ನಾನು ಊರಿಗೆ ಹೊರಟೆ. ಪ್ರಬಂಧದ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ, ಎರಡೂ ವಿಭಾಗಕ್ಕೆ ಒಪ್ಪಿಸಿ ಸಹಿ ಹಾಕಿಸಿಕೊಂಡವರು ಅಕ್ಕ. ಅವರ ಸ್ವಂತ ಪ್ರಬಂಧವೂ ಆಗ ಬಾಕಿ ಇತ್ತು. ಅದನ್ನು ಮುಂದಿನ ಅವಧಿಗೆ ಹಾಕಿಕೊಂಡರು ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ, ಅದೂ ಬೇರೆಯವರ ಬಾಯಿಂದ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ. ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ನನ್ನದು ಕಾಯಬಹುದಿತ್ತು."

ಅಮ್ಮ ಈಗ ಚೆನ್ನಾಗಿದ್ದಾರೆ. ನಿಧಾನವಾಗಿ ಓಡಾಡುತ್ತಾರೆ. ಅಂಕಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಪೂರ್ತಿ ಓದಿದರು, ಒಂದೊಂದು ವಿಷಯದ ಹೆಸರನ್ನೂ. ಆಮೇಲೆ ಆ ಹುಡುಗಿಗೆ ಫೋನ್ ಹಚ್ಚು ಅಂದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏನು ಅಂತ ನಾನು ಕೇಳಿಲ್ಲ.

ಈ ಕೋರ್ಸಿಗೆ ಸೇರುತ್ತಿರುವ ಕೆಲವರು ನನ್ನ ನೋಟ್ಸ್ ಕೇಳಿದ್ದೀರಿ. ಖಂಡಿತ ಕೊಡುತ್ತೇನೆ. ದಾಸ್ತಾನಿನ ಪಾಠ ಬಂದಾಗ ಎರಡೂ ವಿಭಾಗದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿ. ನನಗೆ ಅದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಅಕ್ಕ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮ ವೈವಾ ಹತ್ತಿರ ಬಂತು. ಮೂರನೇ ಅಧ್ಯಾಯದ ಕರಡು ಕಳಿಸಿ, ಪಟ್ಟಿಗಳನ್ನೆಲ್ಲ ನಾನು ಸರಿಮಾಡಿ ಕೊಡುತ್ತೇನೆ. ವೈವಾದ ಹಿಂದಿನ ವಾರವೇ ಬಂದು ನಿಮ್ಮ ಜೊತೆ ಇರುತ್ತೇನೆ, ಬೇಡ ಅನ್ನಬೇಡಿ. ಅಮ್ಮನೂ ಬರುತ್ತಾರಂತೆ.