ಬೋರರ್ ಬಂದಿದೆ ಮಾರಾಯ

ಪ್ರೀತಿಯ ದೋಸ್ತಾ,

ಎಲ್ಲರೂ ಓದುವ ಕಡೆ ಪತ್ರ ಹಾಕಬೇಡ ಅಂತ ನೀನು ಹೇಳಿದ್ದೆ. ಹಾಕಿದ್ದೇನೆ. ಕುಶಾಲನಗರದ ಕೋಳಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಸೋಮವಾರಪೇಟೆ ಕಡೆ ಮಳೆ ಬಿಟ್ಟಿದೆ. ಮಳೆಗಾಲವಿಡೀ ಕಪ್ಪೆ, ಜಿಗಣೆ, ಜೇಡ ಅಂತ ಫೋಟೋ ತೆಗೆದದ್ದೇ ತೆಗೆದದ್ದು. ನೀನು ಕೊಟ್ಟು ಮರೆತಿರುವ 100 ಎಂಎಂ ಮ್ಯಾಕ್ರೋ ಲೆನ್ಸಿಗೆ ಬೂಷ್ಟು ಹಿಡಿಯಲಿಲ್ಲ, ಅದು ನಿನ್ನ ಪುಣ್ಯ. ಈಗ ಅಕ್ಟೋಬರ್. ಬಿಸಿಲು ಬಿದ್ದ ಅರೇಬಿಕಾ ಕಾಫಿ ಗಿಡದ ಕಾಂಡಗಳ ಮೇಲೆ ಬೋರರ್, ಅಂದರೆ ಕಾಂಡಕೊರಕ ಹುಳ, ಓಡಾಡುವ ಕಾಲ.

ಬೆಂಗಳೂರಲ್ಲಿ ಕೂತ ನಿನಗೆ ಇದರ ಬಿಸಿ ಗೊತ್ತಾಗಲ್ಲ. ಎರಡು ಸೆಂಟಿಮೀಟರ್ ಕೂಡ ಇಲ್ಲದ ಹುಳ. ತೊಗಟೆಯ ಬಿರುಕು ಹುಡುಕಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ತಿಂಗಳುಗಟ್ಟಲೆ ಕಾಂಡ ಕೊರೆಯುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬು ಗೆರೆ ಎದ್ದ ಮೇಲೆ ನಮಗೆ ಗೊತ್ತಾಗುವುದು. ಆಮೇಲೆ ಗಿಡ ಕಿತ್ತು ಸುಡುವುದೇ.

ಅದನ್ನು ಫೋಟೋ ತೆಗೆಯುವುದು ಸುಲಭ ಅಲ್ಲ. ನಿಂತಲ್ಲಿ ನಿಲ್ಲಲ್ಲ. ಅಷ್ಟು ಹತ್ತಿರ ಹೋದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 11 ಇಟ್ಟರೂ ಫೋಕಸ್ ಸಿಗುವುದು ಒಂದು ಮಿಲಿಮೀಟರ್ ಆಸುಪಾಸು. ಕಣ್ಣು ಸಿಕ್ಕರೆ ಮೀಸೆ ಇಲ್ಲ, ಮೀಸೆ ಸಿಕ್ಕರೆ ಹುಳವೇ ಆಚೆ ಬದಿಗೆ. ಮೊನ್ನೆ ಒಂದು ಸಿಕ್ಕಿತು ನೋಡು! ಅದರ ಕಣ್ಣು ದುಂಡಗಿಲ್ಲ. ಮೀಸೆಯ ಬುಡವನ್ನು ಬಳಸಿಕೊಂಡು ಗೋಡಂಬಿಯ ಹಾಗೆ ಬಾಗಿದೆ. ಬೆನ್ನಿನ ಬಿಳಿ ಪಟ್ಟೆ ಬಣ್ಣ ಅಂದುಕೊಂಡಿದ್ದೆ. ಒತ್ತಾಗಿ ಮಲಗಿದ ಸಣ್ಣ ರೋಮ ಅದು. ಇಷ್ಟು ವರ್ಷ ಬೆರಳಲ್ಲಿ ಹೊಸಕಿ ಹಾಕಿದ್ದೇ ಹೊರತು ಮುಖ ನೋಡಿರಲಿಲ್ಲ.

ಉಳಿದವರು ಸ್ವಲ್ಪ ಆಚೆ ನೋಡಿ, ಇದು ಇವನಿಗೆ ಮಾತ್ರ.

ಮನೆಯಲ್ಲಿ ಅರೇಬಿಕಾ ತೆಗೆದು ರೋಬಸ್ಟಾ ಹಾಕೋಣ ಅಂತಿದ್ದಾರೆ. ಅದಕ್ಕೆ ಈ ಬೋರರ್ ಕಾಟ ಇಲ್ಲವಲ್ಲ. ಲೆಕ್ಕ ಸರಿಯಾಗಿಯೇ ಇದೆ. ಬೇಡ ಅನ್ನುತ್ತಿರುವವನು ನಾನೊಬ್ಬ. ತಾತ ನೆಟ್ಟ ಗಿಡ ಅಂದೆ. ಅಪ್ಪ ಸುಮ್ಮನಾದರು. ಅವರು ಸುಮ್ಮನಾದದ್ದೇ ಕಷ್ಟ ಆಯ್ತು, ಯಾಕೆಂದರೆ ಆಗ ನನ್ನ ತಲೆಯಲ್ಲಿ ತಾತ ಇರಲಿಲ್ಲ. ಅರೇಬಿಕಾ ಹೋದರೆ ಮುಂದಿನ ಅಕ್ಟೋಬರ್‌ಗೆ ಎಲ್ಲಿ ಹೋಗಲಿ ಅಂತ ಯೋಚಿಸುತ್ತಿದ್ದೆ. ನೆರಳು ಕಡಿಮೆಯಾದಷ್ಟೂ ಬೋರರ್ ಜಾಸ್ತಿ ಅಂತ ಗೊತ್ತಿದ್ದೂ, ನೆರಳು ಮರದ ಕೊಂಬೆ ಕಡಿಯುವ ಮರಗಸಿಯವರಿಗೆ ಆ ಮೂಲೆಯಲ್ಲಿ ಇನ್ನೊಂದೆರಡು ಕೊಂಬೆ ಇಳಿಸಿ ಅನ್ನಲು ಬಾಯಿ ತನಕ ಬಂದಿತ್ತು. ಆಳುಗಳ ಕೂಲಿಯಿಂದ ಮಗಳ ಫೀಸಿನವರೆಗೆ ಎಲ್ಲ ಬರುವುದು ಇದೇ ತೋಟದಿಂದ. ನಾನು ನೋಡಿದರೆ ಅದನ್ನು ತಿನ್ನುವ ಹುಳಕ್ಕೆ ಕಾಯುತ್ತಾ ಕೂತಿದ್ದೇನೆ. ರಾತ್ರಿ ಇದನ್ನೇ ಯೋಚಿಸಿದರೆ ನಿದ್ದೆ ಬರಲ್ಲ ಕಣೋ.

ಸಾಕು, ಜಾಸ್ತಿ ಆಯ್ತು. ನಿದ್ದೆ ಬರದ್ದಕ್ಕೆ ರಾತ್ರಿ ತಿಂದ ಹಂದಿ ಕರಿಯೂ ಕಾರಣ ಇರಬಹುದು. ನವೆಂಬರ್‌ನಲ್ಲಿ ಬಾ. ಛತ್ರಿ ಬೇಡ, ನಿನ್ನ ಛತ್ರಿಯ ಕಥೆ ಊರಿಗೇ ಗೊತ್ತು.

ಇದನ್ನು ಓದಿದವರಲ್ಲಿ ನಮ್ಮ ಮನೆಯವರು ಯಾರಾದರೂ ಇದ್ದರೆ, ಅರೇಬಿಕಾ ಬೇಕು ಅಂದದ್ದು ಬರೀ ರುಚಿಗೋಸ್ಕರ. ದಿನಾ ಬೆಳಿಗ್ಗೆ ನಾನು ಚಿಕೋರಿ ಪುಡಿಯ ಕಾಫಿ ಕುಡಿಯುವುದನ್ನು ಯಾರೂ ನೆನಪಿಸಬೇಡಿ.

ಇಂತಿ ನಿನ್ನ,
ಹುಳ ಹಿಡಿದವನು