ಜಿಂಕೆ ಬೇಟೆಗೆ ಕೇಳಿದ ರಿವಾಲ್ವರ್ ಒಂದು, ನೀವು ಮಾರಿದ್ದು ಇನ್ನೊಂದು

ಮಾನ್ಯರೇ,

ವಿಷಯ: ಒಹಾಯೋದಲ್ಲಿ ಜಿಂಕೆ ಬೇಟೆಗೆ ಬಳಸಲು ಬಾರದ ರಿವಾಲ್ವರನ್ನು ಬೇಟೆಗೆಂದೇ ಮಾರಿದ್ದು, ಈಗ ವಾಪಸ್ ತೆಗೆದುಕೊಳ್ಳಲು ಒಪ್ಪದೇ ಇರುವುದು.

ನಿಮ್ಮ ಅಂಗಡಿಯ ಪಾಲುದಾರರಲ್ಲಿ ನೀವು ಕನ್ನಡದವರು ಅಂತ ಗೊತ್ತು. ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಬರೆದ ದೂರಿಗೆ ಎರಡೇ ಸಾಲಿನ ಉತ್ತರ ಬಂತು. ನಾನು ಕೇಳಿದ ಒಂದು ಪ್ರಶ್ನೆಗೂ ಅದರಲ್ಲಿ ಜವಾಬಿಲ್ಲ. ಅದಕ್ಕೇ ನಿಮಗೇ ನೇರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಅಕ್ಟೋಬರ್‌ನಲ್ಲಿ ನಿಮ್ಮ ಕೌಂಟರ್ ಮುಂದೆ ನಿಂತು ನಾನು ಕೇಳಿದ್ದು ಬಹಳ ಸರಳ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಸೋಮವಾರ ಗನ್ನಿನ ಜಿಂಕೆ ಸೀಸನ್ ಶುರುವಾಗುತ್ತದೆ, ಈ ಸಲ ಕೋವಿ ಬಿಟ್ಟು ರಿವಾಲ್ವರಿನಲ್ಲಿ ಹೋಗಬೇಕು ಅಂತಿದ್ದೇನೆ. ಜಾಗ ಆಗ್ನೇಯ ಒಹಾಯೋದ ಗುಡ್ಡಕಾಡು, ಗೆಳೆಯನ ಜಮೀನು. ಮರದ ಮೇಲಿನ ಅಟ್ಟಣಿಗೆಯಿಂದ ನಲವತ್ತು ಗಜದೊಳಗಿನ ಹೊಡೆತ. ವರ್ಷದ ಮಿಕ್ಕ ದಿನಗಳಲ್ಲಿ ಅದೇ ರಿವಾಲ್ವರಿನಲ್ಲಿ ರೇಂಜ್‌ಗೆ (ಗುರಿ ಅಭ್ಯಾಸದ ಜಾಗಕ್ಕೆ) ಹೋಗಿ ಸ್ಟೀಲ್ ಪ್ಲೇಟ್ ಹೊಡೆಯುವ ಆಸೆ. ಇಷ್ಟನ್ನೂ ಒಂದೊಂದಾಗಿ ಹೇಳಿದೆ. ನಿಮ್ಮ ಕೆಲಸದ ಹುಡುಗ ತಲೆಯಾಡಿಸಿ ಕೇಳಿಸಿಕೊಂಡ. ಆಮೇಲೆ ಗಾಜಿನ ಕಪಾಟಿನಿಂದ ಅಂಗಡಿಯಲ್ಲೇ ದೊಡ್ಡ ಕ್ಯಾಲಿಬರಿನದ್ದನ್ನು ತೆಗೆದು ನನ್ನ ಕೈಗಿಟ್ಟ. .500 ಮ್ಯಾಗ್ನಮ್ (ಅಂದರೆ ಗುಂಡಿನ ಅಗಲ ಅರ್ಧ ಇಂಚು), ನಾಲ್ಕು ಇಂಚಿನ ನಳಿಗೆ, ಐದು ತೋಟಾ ಹಿಡಿಯುವ ಸಿಲಿಂಡರ್.

ನಾನು ತಕ್ಷಣ ಎರಡು ಮಾತು ಕೇಳಿದೆ. ಜಿಂಕೆಗೆ ಇದು ಜಾಸ್ತಿ ಆಯ್ತಲ್ವಾ ಅಂತ ಒಂದು. ನಳಿಗೆ ಇಷ್ಟು ಗಿಡ್ಡ ಇದ್ದರೆ ಇಲ್ಲಿನ ಕಾನೂನಿಗೆ ನಡೆಯುತ್ತದಾ ಅಂತ ಇನ್ನೊಂದು. "ಜಿಂಕೆಗೂ ಆಯ್ತು, ಕರಡಿ ಬಂದರೂ ಆಯ್ತು, ಒಹಾಯೋದಲ್ಲಿ ಪೂರ್ತಿ ಲೀಗಲ್" ಅಂದ. ಪಕ್ಕದಲ್ಲೇ ಇದ್ದ ಮ್ಯಾನೇಜರ್ ಹೌದೆಂದರು. ಆ ಮಾತು ನಂಬಿ ಕೊಂಡೆ. ರಸೀದಿಯ ಕೆಳಗೆ "ಡೀರ್ ಹಂಟಿಂಗ್" ಅಂತ ಅವರೇ ಕೈಯಲ್ಲಿ ಬರೆದಿದ್ದಾರೆ. ಅದರ ಪ್ರತಿ ಈ ಪತ್ರದ ಜೊತೆಗಿದೆ.

ಒಹಾಯೋದ ನಿಯಮ ನಿಮಗೆ ಗೊತ್ತಿರಲೇಬೇಕು. ಹ್ಯಾಂಡ್‌ಗನ್‌ನಲ್ಲಿ ಜಿಂಕೆ ಹೊಡೆಯಬೇಕಾದರೆ ನಳಿಗೆ ಕನಿಷ್ಠ 5 ಇಂಚು ಇರಬೇಕು. ತೋಟಾ ನೇರ ಗೋಡೆಯದಾಗಿರಬೇಕು (ಬಾಯಿ ಹತ್ತಿರ ಬಾಟಲಿಯ ಹಾಗೆ ಕಿರಿದಾಗಿರಬಾರದು), .357 ಅಥವಾ ಅದಕ್ಕಿಂತ ದೊಡ್ಡದಿರಬೇಕು. ಬೇಟೆ ನಿಯಮಗಳ ಪುಸ್ತಕದಲ್ಲಿ ಜಿಂಕೆ ಪುಟ ತೆಗೆದರೆ ಸಾಕು, ಕಣ್ಣಿಗೆ ಬೀಳುತ್ತದೆ. ನೀವು ಮಾರಿದ ಗನ್ನಿನ ತೋಟಾ ಸರಿ ಇದೆ, ನಳಿಗೆ ಸರಿ ಇಲ್ಲ. ಅದನ್ನು ಹಿಡಿದು ಕಾಡಿಗೆ ಹೋಗಿದ್ದರೆ ಅಧಿಕಾರಿ ಮುಂದೆ ತಪ್ಪಿತಸ್ಥ ನಾನೇ ಆಗುತ್ತಿದ್ದೆ, ನಿಮ್ಮ ಅಂಗಡಿ ಅಲ್ಲ. ಸೀಸನ್‌ಗೆ ಮುಂಚೆ ಗೆಳೆಯ ನೋಡಿ ಹೇಳಿದ್ದಕ್ಕೆ ಬಚಾವಾದೆ.

ಇನ್ನು ಕರಡಿ ಮಾತು. ಒಹಾಯೋದಲ್ಲಿ ಕಪ್ಪು ಕರಡಿ ಅಳಿವಿನಂಚಿನ ಪ್ರಾಣಿ ಅಂತ ರಾಜ್ಯವೇ ಪಟ್ಟಿ ಮಾಡಿದೆ. ಅದನ್ನು ಬೇಟೆಯಾಡಲು ಇಲ್ಲಿ ಸೀಸನ್ನೇ ಇಲ್ಲ. ಬೇಟೆ ಸಾಮಾನು ಮಾರುವ ಅಂಗಡಿಯ ಕೌಂಟರ್‌ನಲ್ಲಿ ನಿಂತವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ?

ವಾಪಸ್ ತಂದಾಗ ಮ್ಯಾನೇಜರ್ ಇನ್ನೊಂದು ವಾದ ತೆಗೆದರು. ಟೇಪ್ ಹಿಡಿದು ನಳಿಗೆಯ ಬಾಯಿಂದ ಸಿಲಿಂಡರಿನ ಹಿಂಬದಿವರೆಗೆ ಅಳೆದು, "ನೋಡಿ, ಐದು ದಾಟಿತು" ಅಂದರು. ಪಿಸ್ತೂಲಿನಲ್ಲಿ ತೋಟಾ ಕೂರುವ ಚೇಂಬರ್ ನಳಿಗೆಯದ್ದೇ ಭಾಗ, ಅದಕ್ಕೇ ತಯಾರಕರ ಅಳತೆಯಲ್ಲಿ ಸೇರುತ್ತದೆ. ರಿವಾಲ್ವರಿನಲ್ಲಿ ಹಾಗಲ್ಲ. ಸಿಲಿಂಡರ್ ಬೇರೆ, ನಳಿಗೆ ಬೇರೆ. ಸಿಲಿಂಡರಿನ ಮುಂದಿನಿಂದ ನಳಿಗೆಯ ಬಾಯಿವರೆಗೆ ಎಷ್ಟಿದೆಯೋ ಅಷ್ಟೇ ನಳಿಗೆ. ತಯಾರಕರು ಪೆಟ್ಟಿಗೆ ಮೇಲೆ ಹಾಕಿರುವ 4 ಇಂಚು ಅನ್ನುವುದೂ ಅದೇ ಲೆಕ್ಕ. ಮ್ಯಾನೇಜರ್‌ಗೆ ಇದು ಗೊತ್ತಿಲ್ಲ ಅಂತ ನನಗೆ ಅನ್ನಿಸಲಿಲ್ಲ. ಗೊತ್ತಿದ್ದೂ ನನ್ನ ಮುಂದೆ ಟೇಪ್ ಹಿಡಿದರಲ್ಲ, ಅದು ಬೇಜಾರು.

ಗನ್ನಿನ ಮೇಲೆ ನನಗೆ ದೂರಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. .500 ಮ್ಯಾಗ್ನಮ್ 2003ರಲ್ಲಿ ಬಂದಿದ್ದೇ ದೊಡ್ಡ ಪ್ರಾಣಿಗಳಿಗಾಗಿ. ಗಿಡ್ಡ ನಳಿಗೆಯದ್ದು ಅಲಾಸ್ಕಾದಲ್ಲಿ ಹೊಳೆಗೆ ಸಾಲ್ಮನ್ ಹಿಡಿಯಲು ಹೋಗುವವರು ಕರಡಿ ಭಯಕ್ಕೆ ಎದೆಗೆ ಕಟ್ಟಿಕೊಳ್ಳುವ ಗನ್. ಆ ಕೆಲಸಕ್ಕೆ ಅದು ಸರಿಯೇ. ನಾನು ಹೇಳಿದ ಕೆಲಸ ಬೇರೆ.

ನಾನು ಹೇಳಿದ ಕೆಲಸಕ್ಕೆ ಏನು ಬೇಕಿತ್ತು ಅಂತ ನಿಮ್ಮ ಕಪಾಟಿನಲ್ಲೇ ಉತ್ತರ ಇತ್ತು. .44 ಮ್ಯಾಗ್ನಮ್. ಐಡಾಹೋದ ಎಲ್ಮರ್ ಕೀತ್ ಎಂಬ ಬೇಟೆಗಾರ ಹಳೆಯ .44 ಸ್ಪೆಷಲ್‌ಗೆ ಮದ್ದು ಜಾಸ್ತಿ ತುಂಬಿ ವರ್ಷಗಟ್ಟಲೆ ಪ್ರಯೋಗ ಮಾಡಿ, ಕಂಪನಿಗಳ ಬೆನ್ನು ಬಿದ್ದು ಮಾಡಿಸಿದ ತೋಟಾ ಅದು. 1955ರಲ್ಲಿ ಹೊರಬಂತು. ಹದಿನೈದೂವರೆ ಗ್ರಾಂ ತೂಕದ ಗುಂಡು. ನಲವತ್ತು ಗಜದಲ್ಲಿ ಬಿಳಿಬಾಲದ ಜಿಂಕೆಗೆ ಸರಿಯಾದ ಜಾಗಕ್ಕೆ ಬಿದ್ದರೆ ಇನ್ನೇನೂ ಬೇಡ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. .44 ಮ್ಯಾಗ್ನಮ್ ರಿವಾಲ್ವರಿನಲ್ಲಿ .44 ಸ್ಪೆಷಲ್ ತೋಟಾ ಹಾಕಿ ಹೊಡೆಯಬಹುದು. ಒದೆತ ಕಡಿಮೆ, ಸದ್ದು ಕಡಿಮೆ. ರೇಂಜ್‌ನಲ್ಲಿ ಇಡೀ ಮಧ್ಯಾಹ್ನ ಹೊಡೆದರೂ ಮಣಿಕಟ್ಟು ನೋಯಲ್ಲ. ಸೀಸನ್ ಹತ್ತಿರ ಬಂದಾಗ ಮ್ಯಾಗ್ನಮ್ ಹಾಕಿಕೊಂಡರಾಯ್ತು. ಇನ್ನೂ ಜೋರು ಬೇಕು ಅನ್ನುವವರಿಗೆ .454 ಕಸೂಲ್ ಇದೆ, ಅದರಲ್ಲಿ 1873ರ ಕಾಲದ .45 ಕೋಲ್ಟ್ ತೋಟಾನೂ ನಡೆಯುತ್ತದೆ. .460ರಲ್ಲಂತೂ ಈ ಎರಡೂ ನಡೆಯುತ್ತವೆ. ಬೇಟೆಗೂ ರೇಂಜ್‌ಗೂ ಒಂದೇ ಗನ್ ಅಂತ ಕೇಳಿದವನಿಗೆ ಮೊದಲು ಹೇಳಬೇಕಾದ ಮಾತು ಇದು. ನೀವು ಕೊಟ್ಟ .500ಗೆ ಅಂಥ ಹಗುರ ತೋಟಾ ನಿಮ್ಮಲ್ಲಿ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. ಇದ್ದದ್ದು ಒಂದೇ ಬಗೆ, ಒಂದು ತೋಟಾಕ್ಕೆ ಮೂರು ಡಾಲರಿಗೂ ಜಾಸ್ತಿ ಬೆಲೆಯದ್ದು.

ನಳಿಗೆ ಉದ್ದದ ಮಾತು ಬರೀ ಕಾನೂನಿಗೆ ಅಲ್ಲ. ಆರು ಅಥವಾ ಏಳೂವರೆ ಇಂಚಿನ ನಳಿಗೆ ಇದ್ದರೆ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಅಂತರ ಜಾಸ್ತಿ, ಗುರಿಯಲ್ಲಿ ತಪ್ಪು ಬೇಗ ಕಾಣುತ್ತದೆ. ಗುಂಡಿಗೆ ವೇಗವೂ ಸಿಗುತ್ತದೆ. ಮುಂದೆ ಭಾರ ಇರುವುದರಿಂದ ಗನ್ ಅಷ್ಟು ಎಗರಲ್ಲ. ರೂಗರ್‌ನವರ ಸೂಪರ್ ರೆಡ್‌ಹಾಕ್ ನಿಮ್ಮ ಎಡಗಡೆ ಕಪಾಟಿನಲ್ಲೇ ಇತ್ತು. ಏಳೂವರೆ ಇಂಚು, ಸುಮಾರು ಒಂದೂವರೆ ಕೆಜಿ, ಸ್ಕೋಪ್ ಕೂರಿಸಲು ಫ್ರೇಮಿನಲ್ಲೇ ಗುಳಿ ಕೊಟ್ಟಿದ್ದಾರೆ. ಗನ್ನಿನ ಕುದುರೆ (ಹ್ಯಾಮರ್) ಎಳೆದಿಟ್ಟು ಹೊಡೆದರೆ ಟ್ರಿಗರ್ ಹಗುರ. ಮರದ ಮೇಲೆ ಕೂತು ಮೊಣಕಾಲಿಗೆ ಕೈ ಆನಿಸಿ ನಿಧಾನವಾಗಿ ಹೊಡೆಯುವವನಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಅದರ ಕಡೆ ಕೈ ತೋರಿಸಿದೆ ಕೂಡ. "ಅದು ಹಳೇ ಕಾಲದ್ದು, ಇದರ ಮುಂದೆ ಅದೇನೂ ಅಲ್ಲ" ಅಂತ ಹುಡುಗ ಮಾತು ತಿರುಗಿಸಿದ.

ರಿವಾಲ್ವರ್ ಬೇಟೆಯಲ್ಲಿ ಶಕ್ತಿ ಎರಡನೇ ಮಾತು. ಮೊದಲನೇ ಮಾತು, ಹೊಡೆಯುವವನ ಕೈ ಆ ಗನ್ನಿಗೆ ಹೆದರಬಾರದು. ನೀವು ಮಾರಿದ ಗನ್ನನ್ನು ನಿಮ್ಮದೇ ರೇಂಜ್‌ನಲ್ಲಿ ಹೊಡೆದು ನೋಡಿದೆ. ಆಮೇಲೆ ಗೆಳೆಯ ನನಗೆ ತಿಳಿಯದ ಹಾಗೆ ಸಿಲಿಂಡರಿನ ಒಂದು ಗೂಡಿನಲ್ಲಿ ಹೊಡೆದಾದ ತೋಟಾದ ಖಾಲಿ ಕೇಸ್ ಇಟ್ಟು, ತಿರುಗಿಸಿ ಕೊಟ್ಟ. ಆ ಗೂಡು ಬಂದಾಗ ಗುಂಡು ಹಾರಲಿಲ್ಲ, ಬರೀ ಟಿಕ್ ಅಂತು. ಆದರೆ ನಳಿಗೆ ಮೂರು ಬೆರಳಷ್ಟು ಕೆಳಕ್ಕೆ ಬಗ್ಗಿತು. ಮೈ ಒದೆತಕ್ಕೆ ಮೊದಲೇ ತಯಾರಾಗಿ ಬೆಚ್ಚುತ್ತಿತ್ತು. ಅದೇ ಮಧ್ಯಾಹ್ನ ಗೆಳೆಯನ .44ರಲ್ಲಿ ಹಾಗೇ ಮಾಡಿ ನೋಡಿದೆವು, ನಳಿಗೆ ಅಲುಗಾಡಲಿಲ್ಲ. ನಲವತ್ತು ಗಜದಲ್ಲಿ ಅದರ ಸಣ್ಣ ಪಾಲು ಬಗ್ಗಿದರೂ ಸಾಕು, ಗುಂಡು ಶ್ವಾಸಕೋಶ ಬಿಟ್ಟು ಕಾಲಿಗೋ ಹೊಟ್ಟೆಗೋ ಹೋಗುತ್ತದೆ. ಹೊಟ್ಟೆಗೆ ಗುಂಡು ತಿಂದ ಜಿಂಕೆ ಗಂಟೆಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಎಷ್ಟು ದೊಡ್ಡ ಕ್ಯಾಲಿಬರ್ ಆದರೂ ಅದನ್ನು ಸರಿಮಾಡಲ್ಲ. ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಗಾಯ ಮಾಡಿ ಬಿಡುವ ಹಾಗಿದ್ದರೆ ಹೊಡೆಯಲೇ ಬೇಡ ಅಂತ ಚಿಕ್ಕಂದಿನಿಂದ ಕೇಳಿ ಬಂದಿದ್ದೇನೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಇನ್ನೊಂದು ಸಂಗತಿ ನನ್ನ ದುಡ್ಡಿಗಿಂತ ಗಂಭೀರವಾದದ್ದು. ಅದೇ ದಿನ ಪಕ್ಕದ ಲೇನ್‌ನಲ್ಲಿ ಒಬ್ಬಳು ಹುಡುಗಿ, ಮೊದಲ ಸಲ ಗನ್ ಹಿಡಿಯುತ್ತಿರುವವಳು. ನಿಮ್ಮ ರೇಂಜ್ ಸಿಬ್ಬಂದಿ ಇಂಥದ್ದೇ .500ರಲ್ಲಿ ಐದೂ ತೋಟಾ ತುಂಬಿ ಅವಳ ಕೈಗೆ ಕೊಟ್ಟು, ಗೆಳೆಯರಿಗೆ ವಿಡಿಯೋ ಮಾಡಲು ಹೇಳಿದರು. ಮೊದಲ ಗುಂಡಿಗೇ ನಳಿಗೆ ಅವಳ ಹಣೆ ಮಟ್ಟ ದಾಟಿ ಛಾವಣಿ ಕಡೆ ತಿರುಗಿತು. ಬೆರಳು ಇನ್ನೂ ಟ್ರಿಗರ್ ಮೇಲೇ ಇತ್ತು. ಇಂಥ ಗನ್‌ಗಳಲ್ಲಿ ಒದೆತಕ್ಕೆ ಕೈ ತಪ್ಪಿ, ಮತ್ತೆ ಬಿಗಿ ಹಿಡಿಯುವ ಭರದಲ್ಲಿ ಎರಡನೇ ಗುಂಡು ತಾನಾಗೇ ಹಾರುವುದು ಶೂಟರ್‌ಗಳಿಗೆಲ್ಲ ಗೊತ್ತಿರುವ ಅಪಾಯ. ಆ ಹೊತ್ತಿಗೆ ನಳಿಗೆ ಹೊಡೆಯುವವರ ತಲೆ ಕಡೆಗೇ ಇರಬಹುದು. ಹೊಸಬರಿಗೆ ಒಂದೇ ಒಂದು ತೋಟಾ ಹಾಕಿ ಕೊಡುವುದು ಅದಕ್ಕೇ. ನಾನು ಲೇನ್ ಬಿಟ್ಟು ಬಂದು ನಿಲ್ಲಿಸಿ ಅಂದೆ. ಸಿಬ್ಬಂದಿಗೆ ಸಿಟ್ಟು ಬಂತು. ಅವಳ ಎಡಗೈ ಹೆಬ್ಬೆರಳು ಸಿಲಿಂಡರಿನ ಮುಂದೆಯೇ ಇತ್ತು, ಅದನ್ನೂ ಯಾರೂ ನೋಡಿರಲಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ನುಗ್ಗುವ ಬಿಸಿ ಗಾಳಿ ಈ ಗನ್‌ಗಳಲ್ಲಿ ಬೆರಳಿನ ಮಾಂಸ ಸೀಳುತ್ತದೆ. ಗನ್ ಮಾರುವಾಗ ನನಗೂ ಈ ಮಾತು ಯಾರೂ ಹೇಳಲಿಲ್ಲ. ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರು ಏನು ಮಾಡಬೇಕು?

ವಾಪಸ್ ವಿಷಯಕ್ಕೆ ಬರುತ್ತೇನೆ. "4473 ಫಾರಂ (ಗನ್ ಕೊಳ್ಳುವಾಗ ತುಂಬುವ ಕೇಂದ್ರ ಸರ್ಕಾರದ ಫಾರಂ) ಸಹಿ ಆದ ಮೇಲೆ ಗನ್ ವಾಪಸ್ ತೆಗೆದುಕೊಳ್ಳಲು ಕೇಂದ್ರ ಕಾನೂನು ಬಿಡಲ್ಲ" ಅಂತ ಮ್ಯಾನೇಜರ್ ಬರೆದಿದ್ದಾರೆ. ಇದು ನಿಜ ಅಲ್ಲ. ಲೈಸೆನ್ಸ್ ಇರುವ ಅಂಗಡಿ ಮಾರಿದ ಗನ್ನನ್ನು ವಾಪಸ್ ಪಡೆದು ತನ್ನ ದಾಖಲೆ ಪುಸ್ತಕದಲ್ಲಿ ಒಳಬಂದ ಮಾಲು ಅಂತ ಬರೆದುಕೊಳ್ಳಬಹುದು. ಬಳಸಿದ ಗನ್ ಕೊಳ್ಳುವಾಗ ನೀವು ದಿನಾ ಮಾಡುವುದೂ ಅದನ್ನೇ ಅಲ್ವಾ? ಅದೇ ಮ್ಯಾನೇಜರ್ ಅದೇ ಪತ್ರದಲ್ಲಿ, ಬೇಕಾದರೆ ಕೊಂಡ ಬೆಲೆಯ ಅರ್ಧಕ್ಕೆ ಈ ಗನ್ನನ್ನು ಕೊಳ್ಳುತ್ತೇವೆ ಅಂತಲೂ ಬರೆದಿದ್ದಾರೆ. ಅರ್ಧ ಬೆಲೆಗೆ ಅಡ್ಡ ಬರದ ಕಾನೂನು ಪೂರ್ತಿ ಬೆಲೆಗೆ ಮಾತ್ರ ಹೇಗೆ ಅಡ್ಡ ಬರುತ್ತದೆ? ವಾಪಸ್ ಇಲ್ಲ ಅನ್ನುವುದು ನಿಮ್ಮ ಅಂಗಡಿಯ ಪದ್ಧತಿ ಇರಬಹುದು. ಹಾಗಿದ್ದರೆ ಹಾಗೇ ಹೇಳಿ, ಸುಮ್ನೆ ಸರ್ಕಾರದ ಹೆಸರು ಹಾಕಬೇಡಿ.

ನಾನು ಕೇಳುವುದು ಜಾಸ್ತಿ ಏನಲ್ಲ. ಈ ರಿವಾಲ್ವರನ್ನು ಕೊಂಡ ಬೆಲೆಗೇ ವಾಪಸ್ ತೆಗೆದುಕೊಂಡು, ಆರು ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ .44 ಮ್ಯಾಗ್ನಮ್ ಕೊಡಿ. ಬೆಲೆ ವ್ಯತ್ಯಾಸ ನನ್ನ ಕಡೆಗೆ ಬಂದರೆ ಅಂಗಡಿಯಲ್ಲಿ ಜಮಾ ಇರಲಿ, ನಾನು .44 ಸ್ಪೆಷಲ್ ತೋಟಾ ಕೊಳ್ಳುತ್ತೇನೆ. ನಿಮ್ಮ ಕಡೆಗೆ ಬಂದರೆ ಆ ದುಡ್ಡು ನಾನು ಕೊಡುತ್ತೇನೆ. ಒಡೆಯದ ತೋಟಾ ಪೆಟ್ಟಿಗೆಗಳನ್ನು ಈ ಲೆಕ್ಕಕ್ಕೆ ಹಿಡಿಯುತ್ತಿಲ್ಲ, ಅವುಗಳನ್ನು ಅಂಗಡಿಗಳು ವಾಪಸ್ ಪಡೆಯದೇ ಇರುವುದಕ್ಕೆ ಸುರಕ್ಷತೆಯ ಕಾರಣ ಇದೆ, ಒಪ್ಪುತ್ತೇನೆ. ಜೊತೆಗೆ ಒಹಾಯೋದ ಬೇಟೆ ನಿಯಮಗಳ ಹಾಳೆಯನ್ನು ಕೌಂಟರ್ ಮೇಲೆ ಅಂಟಿಸಿ, ಅಲ್ಲಿ ನಿಲ್ಲುವವರು ಅದನ್ನು ಓದಿರಲಿ. ರೇಂಜ್‌ನಲ್ಲಿ ಹೊಸಬರ ಕೈಗೆ ದೊಡ್ಡ ರಿವಾಲ್ವರ್ ಕೊಡುವಾಗ ಒಂದೇ ತೋಟಾ ಅನ್ನುವ ನಿಯಮ ಇವತ್ತೇ ತನ್ನಿ. ನನ್ನ ಗನ್ ವಿಷಯ ಒಂದು ವಾರ ತಡವಾದರೂ ಪರವಾಗಿಲ್ಲ, ಇದು ಮಾತ್ರ ತಡವಾಗಬಾರದು.

ಗ್ರಾಹಕ ಕೇಳಿದ ಉಪಯೋಗಕ್ಕೆ ಬಾರದ ಮಾಲನ್ನು ಬರುತ್ತದೆ ಅಂತ ಹೇಳಿ ಮಾರುವುದು ಒಹಾಯೋದ ಗ್ರಾಹಕ ಕಾನೂನಿನಲ್ಲಿ ಮೋಸದ ವ್ಯವಹಾರ. ಇದೇ ತಿಂಗಳ ಕೊನೆಯೊಳಗೆ ನಿಮ್ಮಿಂದ ಲಿಖಿತ ಉತ್ತರ ಬರದಿದ್ದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ರಕ್ಷಣಾ ವಿಭಾಗಕ್ಕೆ ದೂರು ಕೊಡುತ್ತೇನೆ. ರಸೀದಿ, ಮ್ಯಾನೇಜರ್ ಪತ್ರ, ಪೆಟ್ಟಿಗೆ ಮೇಲಿನ ಅಳತೆಯ ಫೋಟೋ ಎಲ್ಲಾ ತಯಾರಿವೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ನೀವು ಫೋನ್ ಮಾಡಿದರೆ ಶನಿವಾರ ಬೆಳಿಗ್ಗೆ ಗನ್ ಖಾಲಿ ಮಾಡಿ, ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕಾಗದಗಳ ಸಮೇತ ಅಂಗಡಿಗೆ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
(ಹೆಸರು, ಫೋನ್ ನಂಬರ್ ರಸೀದಿಯ ಪ್ರತಿಯಲ್ಲಿವೆ)