ಬ್ಲೇನ್ ಗಡಿ ದಾಟಿಸಿದವರಿಗೆ

ಕಳೆದ ಭಾನುವಾರ ಸಿಯಾಟಲ್‌ಗೆ ವಾಪಸ್ ಬಂದೆ. ಮೂರು ತಿಂಗಳು ಕೆನಡಾದ ಸರ್ರೆಯಲ್ಲಿ ನನ್ನ ಹುಡುಗನ ಜೊತೆ ಇದ್ದೆ. ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ. ಮೊದಲು ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮಿಬ್ಬರ ಮಧ್ಯೆ ಇರುವುದು ಕಾರಿನಲ್ಲಿ ಎರಡು ಮೂರು ಗಂಟೆಯ ದಾರಿ, ಅಷ್ಟೇ. ಕೋವಿಡ್‌ನಿಂದಾಗಿ 2020ರ ಮಾರ್ಚ್ 21ಕ್ಕೆ ಗಡಿ ಮುಚ್ಚಿತು. ಜೂನ್‌ನಲ್ಲಿ ಮದುವೆಯಾದವರಿಗೆ ಕೆನಡಾ ದಾರಿ ಬಿಟ್ಟಿತು, ನಮ್ಮಂಥವರಿಗೆ ಇಲ್ಲ. ಆ ಬೇಸಿಗೆ ಗಡಿಯ ಮೇಲೇ ಇರುವ ಪೀಸ್ ಆರ್ಚ್ ಪಾರ್ಕಿನ ಹುಲ್ಲಿನ ಮೇಲೆ ಸಿಗುತ್ತಿದ್ದೆವು. ಅವನು ಕೆನಡಾ ಕಡೆಯ ಝೀರೋ ಅವೆನ್ಯೂ ರಸ್ತೆಯ ಪಕ್ಕದ ಚರಂಡಿ ದಾಟಿ ಬರುತ್ತಿದ್ದ, ನಾನು ಅಮೆರಿಕದ ಗಡಿ ಊರು ಬ್ಲೇನ್ ಕಡೆಯಿಂದ. ಸುತ್ತ ಎಷ್ಟೋ ಜೋಡಿಗಳು ಟೆಂಟ್ ಹಾಕಿಕೊಂಡು ಕೂತಿರುತ್ತಿದ್ದರು. ಅಲ್ಲಿರುವ 1921ರ ಬಿಳಿ ಕಮಾನಿನ ಒಳಗೆ ‘ಈ ಬಾಗಿಲುಗಳು ಎಂದೂ ಮುಚ್ಚದಿರಲಿ’ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಹೊರಡುವಾಗ ಅದನ್ನು ಓದಿದರೆ ಗಂಟಲು ಕಟ್ಟುತ್ತಿತ್ತು.

ಅಕ್ಟೋಬರ್ 8ರಿಂದ ನಿಯಮ ಬದಲಾಯಿತು. ಒಂದು ವರ್ಷವಾದರೂ ಪ್ರೀತಿಯಲ್ಲಿದ್ದ ಜೋಡಿಗಳೂ ಅನುಮತಿ ಕೇಳಬಹುದಾಯಿತು. ಇದು ತಾನಾಗಿ ಆಗಿದ್ದಲ್ಲ. ಗಡಿಯಿಂದ ಬೇರೆಯಾದವರ ಪರ ದನಿಯೆತ್ತಿದ ಫೇಸಸ್ ಆಫ್ ಅಡ್ವೊಕಸಿ ಗುಂಪಿನವರೂ ನಮ್ಮಂಥ ಎಷ್ಟೋ ಜನರೂ ತಿಂಗಳುಗಟ್ಟಲೆ ಸರ್ಕಾರದ ಬೆನ್ನು ಬಿಡಲಿಲ್ಲ. ನಿಮ್ಮಲ್ಲಿ ಒಬ್ಬರ ಪರಿಚಯವೂ ನನಗಿಲ್ಲ. ನೀವಿಲ್ಲದಿದ್ದರೆ ಈ ಮೂರು ತಿಂಗಳೂ ಇಲ್ಲ.

ಅನುಮತಿಯ ಅರ್ಜಿಗೆ ನಾವು ಪ್ರೀತಿಸುತ್ತಿದ್ದೇವೆ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಆಗ ಹೊಳೆಯಿತು, ತಿಪಟೂರಿನ ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ! ಅಪರಿಚಿತ ಅಧಿಕಾರಿಗೆ ಹೇಳುವುದನ್ನು ಅಮ್ಮನಿಗೆ ಹೇಳದೆ ಇರುವುದು ಹೇಗೆ? ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಫೋಟೋ ಕಳಿಸಿದರು. ಎರಡು ವರ್ಷದ ಹಿಂದೆ ‘ಫ್ರೆಂಡ್’ ಅಂತ ಅವನನ್ನು ಊರಿಗೆ ಕರೆದೊಯ್ದಾಗ ತೆಗೆದದ್ದು. ನಮ್ಮ ಅಡುಗೆಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಾನೆ. “ಅವನು ಎರಡನೇ ಸಲ ಸಾರು ಹಾಕಿಸಿಕೊಂಡಾಗ ನೀನು ಅವನ ಮುಖ ನೋಡಿದ್ದು ನನಗೆ ಕಂಡಿತ್ತು ಕಣೇ. ಇದನ್ನೂ ಫೈಲಿಗೆ ಹಾಕು,” ಅಂದರು. ಅಪ್ಪನಿಗೆ ಅವರೇ ಹೇಳಿದರು. ಅಮ್ಮಾ, ಆ ರಾತ್ರಿ ನಾನು ಎಷ್ಟು ಅತ್ತೆ ಅಂತ ನಿನಗೆ ಹೇಳಿರಲಿಲ್ಲ.

ಪಿಎಚ್‌ಡಿ ಅಧ್ಯಾಯವನ್ನು ಅಲ್ಲಿಂದಲೇ ಬರೆ ಅಂದ ನನ್ನ ಗೈಡ್‌ಗೆ, ಅಮೆರಿಕದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳ ದಾಖಲೆಯಾದ ಐ-20 ಮೇಲೆ ಪ್ರಯಾಣದ ಸಹಿ ಬೇಗ ಹಾಕಿಕೊಟ್ಟವರಿಗೆ, ಡಿಸೆಂಬರ್ ಮಳೆಯಲ್ಲಿ ಬೆಳಗಿನ ಜಾವ ಎದ್ದು ಬ್ಲೇನ್‌ವರೆಗೆ ಕಾರು ಓಡಿಸಿದ ಮಂಡ್ಯದ ಗೆಳತಿಗೆ ತುಂಬಾ ಥ್ಯಾಂಕ್ಸ್.

ಸೂಟ್‌ಕೇಸ್ ಎಳೆದುಕೊಂಡು ನಡೆದೇ ಗಡಿಗೆ ಹೋದೆ. “ಯಾರನ್ನು ನೋಡಲು?” ಅಂತ ಅಧಿಕಾರಿ ಕೇಳಿದರು. ಅಷ್ಟು ವರ್ಷ ಎಲ್ಲರ ಮುಂದೆ ‘ಫ್ರೆಂಡ್’ ಅಂದವಳು, ಅವತ್ತು ಮೊದಲ ಸಲ ಜೋರಾಗಿ ಸರಿಯಾದ ಪದ ಹೇಳಿದೆ. ಅವರು ತಾಳ್ಮೆಯಿಂದ ಎಲ್ಲ ಕಾಗದ ಓದಿ, ಹೋಗಿ ಅಂದರು. ಅವರಿಗೂ ನಾನು ಋಣಿ.

ಮೊದಲ 14 ದಿನ ಕ್ವಾರಂಟೈನ್. ಒಂದೇ ಮನೆ, ಬೇರೆ ಕೋಣೆ. ಅವನು ಬಾಗಿಲ ಹೊರಗೆ ತಟ್ಟೆ ಇಟ್ಟು, ಅಲ್ಲೇ ನೆಲದ ಮೇಲೆ ಕೂತು ತಾನೂ ಉಣ್ಣುತ್ತಿದ್ದ. ಬಾಗಿಲು ಮಧ್ಯೆ ಇಟ್ಟುಕೊಂಡೇ ಮಾತಾಡುತ್ತಿದ್ದೆವು. ಪಕ್ಕದ ಮನೆಯ ಪಂಜಾಬಿ ಅಜ್ಜಿ ದಿನ ಬಿಟ್ಟು ದಿನ ಪರೋಟ ಕಳಿಸುತ್ತಿದ್ದರು, ನನಗೆ ಅಂತ ಬೇರೆ ಡಬ್ಬಿಯಲ್ಲಿ. ಹದಿನೈದನೇ ದಿನ ಬೆಳಿಗ್ಗೆ ಬಾಗಿಲು ತೆರೆದೆ. ಅವನು ಎರಡು ಲೋಟ ಕಾಫಿ ಹಿಡಿದು ನಿಂತಿದ್ದ.

ಅಮ್ಮ ಕಳಿಸಿದ ಫೋಟೋ ಈಗ ಸರ್ರೆಯ ಫ್ರಿಜ್ ಮೇಲಿದೆ. ಬರುವಾಗ ಕೇಳಿದೆ, ಕೊಡಲಿಲ್ಲ.